ಎಲ್ಲಿಂದ ತಂದಿರಿ ಈ ಮಾತು?

ವಿಜಯಪುರದ ರೈಲು ನಿಲ್ದಾಣದಲ್ಲಿ ಇಳಿದು ಸ್ಟೇಷನ್ ರಸ್ತೆಗೆ ಕಾಲಿಟ್ಟವರಿಗೆ ಗೋಳಗುಮ್ಮಟವನ್ನು ಯಾರೂ ಬೆರಳು ಮಾಡಿ ತೋರಿಸಬೇಕಾಗಿಲ್ಲ. ಅದರ ಬೆನ್ನಿಗೇ ಕಿವಿಗೆ ಬೀಳುವ ಮಾತು, ‘ಜಗತ್ತಿನ ಎರಡನೆಯ ಅತಿ ದೊಡ್ಡ ಗುಮ್ಮಟ’ ಎಂಬುದು. ಶಾಲಾ ಮಕ್ಕಳ ಪ್ರಬಂಧ, ಪ್ರವಾಸಿ ಕರಪತ್ರ, ಸ್ಪರ್ಧಾತ್ಮಕ ಪರೀಕ್ಷೆಯ ಗೈಡು, ಎಲ್ಲೆಡೆ ಈ ಮಾತು ಸಿಗುತ್ತದೆ. ಯಾರು ಅಳೆದರು, ಯಾವಾಗ ಅಳೆದರು, ಅಳೆದದ್ದು ಯಾವುದನ್ನು ಎಂಬ ವಿವರ ಮಾತ್ರ ಸಿಗುವುದು ಅಪರೂಪ. ಹಳೆಯ ಪುಸ್ತಕಗಳತ್ತ ಹಿಂದೆ ನಡೆದರೆ ಕಥೆ ಬೇರೆಯೇ ಇದೆ. ಜೇಮ್ಸ್ ಫರ್ಗ್ಯುಸನ್ 1876ರಲ್ಲಿ ಪ್ರಕಟಿಸಿದ ಭಾರತೀಯ ವಾಸ್ತುಶಿಲ್ಪದ ಚರಿತ್ರೆಯಲ್ಲಿ ಹೋಲಿಸಿದ್ದು ಗುಮ್ಮಟದ ಅಗಲವನ್ನಲ್ಲ, ಅದರ ಕೆಳಗಿನ ನೆಲವನ್ನು. ಒಳಗಿನ ಚೌಕ ಬದಿಗೆ 135 ಅಡಿ, ಒಟ್ಟು 18,225 ಚದರ ಅಡಿ. ರೋಮಿನ ಪ್ಯಾಂಥಿಯಾನ್ 15,833 ಚದರ ಅಡಿ ಮಾತ್ರ. ಪುರಾತತ್ವ ಇಲಾಖೆಯ ಹೆನ್ರಿ ಕಸಿನ್ಸ್ 1916ರ ತಮ್ಮ ಬಿಜಾಪುರದ ಗ್ರಂಥದಲ್ಲಿ ಇದನ್ನೇ ಇನ್ನಷ್ಟು ಕರಾರುವಾಕ್ಕಾಗಿ ಅಳೆದರು: ಒಳಕ್ಕೆ ಚಾಚಿದ ಕಂಬಗಳ ಮೂಲೆಗಳನ್ನು ಕಳೆದರೆ ನೆಲ 18,109 ಚದರ ಅಡಿ, ಗುಮ್ಮಟದ ಹೊರವ್ಯಾಸ 144 ಅಡಿ, ಒಳವ್ಯಾಸ 124 ಅಡಿ 5 ಇಂಚು. ಒಂದೇ ಗುಮ್ಮಟ ಮುಚ್ಚಿದ ನೆಲದ ಲೆಕ್ಕದಲ್ಲಿ ಅವರ ಪ್ರಕಾರ ನಮ್ಮದು ಮೊದಲನೆಯದು, ಎರಡನೆಯದಲ್ಲ. ವ್ಯಾಸದ ಲೆಕ್ಕಕ್ಕೆ ಬಂದರೆ 124 ಅಡಿ 5 ಇಂಚು ಎಂದರೆ ಸುಮಾರು 38 ಮೀಟರ್. ಪ್ಯಾಂಥಿಯಾನಿನದು 43 ಮೀಟರ್ ದಾಟುತ್ತದೆ, ವ್ಯಾಟಿಕನ್ನಿನ ಸಂತ ಪೀಟರ್ ಚರ್ಚಿನದು 41 ದಾಟುತ್ತದೆ. ಅಲ್ಲಿಯೂ ‘ಎರಡನೆಯದು’ ಸಿಗುವುದಿಲ್ಲ.

ಹಾಗಾದರೆ ನೆಲದ ಮಾತು ಗುಮ್ಮಟದ ಮಾತಾಗಿದ್ದು, ಮೊದಲನೆಯದು ಎರಡನೆಯದಾಗಿದ್ದು ಯಾವ ಹಂತದಲ್ಲಿ? ಕಂಡುಹಿಡಿಯಲು ದಾರಿಯಿಲ್ಲ. ನಡುವೆ ಬಂದ ನೂರಾರು ಬರಹಗಾರರಲ್ಲಿ ಬಹುಪಾಲು ಜನ ತಾವು ಯಾರಿಂದ ತೆಗೆದುಕೊಂಡೆವು ಎಂದು ಬರೆಯಲೇ ಇಲ್ಲ. ಆದಿಲ್‌ಶಾಹಿ ಕಟ್ಟಡದ ಕೀರ್ತಿಗೆ ಇದರಿಂದ ಕುಂದೇನೂ ಇಲ್ಲ. ಆದರೆ ಇದೇ ಅಭ್ಯಾಸ ಔಷಧದ ಪ್ರಮಾಣಕ್ಕೋ ಬೆಳೆರೋಗದ ಮದ್ದಿಗೋ ಅಂಟಿಕೊಂಡರೆ ಪರಿಣಾಮ ಇಷ್ಟು ಹಗುರವಾಗಿರುವುದಿಲ್ಲ. ವಿಜ್ಞಾನದ ಜರ್ನಲ್ಲುಗಳು ರೆಫರೆನ್ಸ್ ಪಟ್ಟಿಯ ಬಗ್ಗೆ ಅಷ್ಟೊಂದು ಹಟ ಹಿಡಿಯುವುದು ಇದಕ್ಕೇ. ಉಲ್ಲೇಖ ಕೊಟ್ಟ ಮಾತ್ರಕ್ಕೆ ಮಾತು ಸತ್ಯವಾಗುವುದಿಲ್ಲ. ಮಾತು ಸುಳ್ಳಾಗಿದ್ದರೆ ಅದನ್ನು ಹಿಡಿಯಲು ದಾರಿಯಾಗುತ್ತದೆ, ಅಷ್ಟೇ. ಈ ‘ಅಷ್ಟೇ’ ಎಂಬುದರ ಬೆಲೆ ಎಷ್ಟು ಎಂಬುದೇ ಈ ಲೇಖನದ ವಿಷಯ.

ವಿಜಯಪುರ ಇಂದು ಪ್ರಬಂಧ ಬರೆಯುವವರ ಊರೂ ಹೌದು. ಬಿಎಲ್‌ಡಿಇ ವಿಶ್ವವಿದ್ಯಾಲಯ, ಅಲ್-ಅಮೀನ್ ವೈದ್ಯಕೀಯ ಕಾಲೇಜು, ತೊರವಿಯ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ, ಹೀಗೆ ಸ್ನಾತಕೋತ್ತರ ವಿದ್ಯಾರ್ಥಿಗಳೂ ಪಿಎಚ್.ಡಿ. ಮಾಡುವವರೂ ವರ್ಷವರ್ಷವೂ ಇಲ್ಲಿ ಬರೆಯುತ್ತಿರುತ್ತಾರೆ. ಎಲ್ಲ ಊರುಗಳಲ್ಲಿಯಂತೆ ಇಲ್ಲಿಯೂ ಅನೇಕರ ಪಾಲಿಗೆ ಆಕರಪಟ್ಟಿ ಎಂದರೆ ಕಡೆಯ ವಾರದ ಟೈಪಿಂಗ್ ಕೆಲಸ, ಡಿಟಿಪಿ ಅಂಗಡಿಯವರು ಸರಿಮಾಡಿಕೊಡುವ ಅಲ್ಪವಿರಾಮ, ಪೂರ್ಣವಿರಾಮಗಳ ಗೋಜು. ಇದನ್ನು ವಿಳಾಸದಂತೆ ನೋಡಿದರೆ ಗೋಜು ಸ್ವಲ್ಪ ಕಡಿಮೆಯಾದೀತು. ‘ಸ್ಟೇಷನ್ ರಸ್ತೆ, ವಿಜಯಪುರ’ ಎಂದಷ್ಟೇ ಬರೆದ ಲಕೋಟೆ ದೇವನಹಳ್ಳಿ ತಾಲ್ಲೂಕಿನ ವಿಜಯಪುರಕ್ಕೂ ಹೋದೀತು. 586ರಿಂದ ಶುರುವಾಗುವ ಪಿನ್ ಕೋಡ್ ಇದ್ದರೆ ಹೋಗದು. ಜರ್ನಲ್ ಲೇಖನದ ಉಲ್ಲೇಖದಲ್ಲಿ ಲೇಖಕರ ಹೆಸರು, ವರ್ಷ, ಶೀರ್ಷಿಕೆ, ಪತ್ರಿಕೆಯ ಹೆಸರು, ಸಂಪುಟ, ಸಂಚಿಕೆ, ಪುಟ ಎಂದು ಇಷ್ಟೆಲ್ಲ ಕೇಳುವುದು ಒಂದು ತಪ್ಪಿದರೆ ಇನ್ನೊಂದು ಕೈಹಿಡಿಯಲಿ ಎಂದು. ಪುಟ ತಪ್ಪಾಗಿದ್ದರೆ ಶೀರ್ಷಿಕೆಯಿಂದ ಹುಡುಕಬಹುದು. ಹೆಸರಿನ ಕಾಗುಣಿತ ತಪ್ಪಿದ್ದರೆ ಸಂಪುಟ ಮತ್ತು ಪುಟದಿಂದ ತಲುಪಬಹುದು. 2000ದಿಂದೀಚೆಗೆ ಕ್ರಾಸ್‌ರೆಫ್ ಎಂಬ ಸಂಸ್ಥೆಯ ಮೂಲಕ ಪ್ರತಿ ಲೇಖನಕ್ಕೂ ಡಿಒಐ ಎಂಬ ಕಾಯಂ ಸಂಖ್ಯೆ ಕೊಡುವ ಪದ್ಧತಿ ಬಂದಿದೆ. ಪ್ರಕಾಶಕರು ಜಾಲತಾಣ ಬದಲಿಸಿದರೂ ಆ ಸಂಖ್ಯೆ ಬದಲಾಗುವುದಿಲ್ಲ. ಡಿಒಐ ಇದ್ದೂ ಬರೆಯದೆ ಬಿಡುವುದು ಸೋಮಾರಿತನವೇ ಸರಿ.

ಇನ್ನು ಶೈಲಿಗಳ ಮಾತು. ಲೇಖಕರ ಹೆಸರನ್ನೂ ವರ್ಷವನ್ನೂ ಆವರಣದಲ್ಲಿ ಹಾಕುವ ಪದ್ಧತಿಯನ್ನು ಹಾರ್ವರ್ಡ್‌ನ ಪ್ರಾಣಿಶಾಸ್ತ್ರಜ್ಞ ಎಡ್ವರ್ಡ್ ಲಾರೆನ್ಸ್ ಮಾರ್ಕ್ 1881ರ ತಮ್ಮ ಪ್ರಬಂಧವೊಂದರಲ್ಲಿ ಬಳಸಿದರು ಎಂದು ಸಾಮಾನ್ಯವಾಗಿ ಗುರುತಿಸುತ್ತಾರೆ. ಆ ಪ್ರಬಂಧವಿದ್ದದ್ದು ಚಿಪ್ಪಿಲ್ಲದ ಬಸವನಹುಳುವಿನ ಮೇಲೆ. ವೈದ್ಯಕೀಯ ಪತ್ರಿಕೆಗಳ ಸಂಪಾದಕರು 1978ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಸೇರಿ, ಒಬ್ಬೊಬ್ಬರು ಒಂದೊಂದು ರೀತಿ ಕೇಳಿ ಲೇಖಕರನ್ನು ಗೋಳಾಡಿಸುವುದು ಬೇಡವೆಂದು ಸಮಾನ ನಿಯಮಗಳಿಗೆ ಒಪ್ಪಿದರು. ಅದರಿಂದ ನೆಲೆಗೊಂಡದ್ದು ವ್ಯಾಂಕೂವರ್ ಶೈಲಿ ಎನ್ನುವ ಅಂಕಿಯ ಪದ್ಧತಿ: ಪಠ್ಯದಲ್ಲಿ ಮೊದಲು ಬಂದ ಆಕರಕ್ಕೆ 1, ಮುಂದಿನದಕ್ಕೆ 2. ಎರಡಕ್ಕೂ ಅವುಗಳದೇ ಕಾರಣಗಳಿವೆ. ಒಂದು ವಾಕ್ಯಕ್ಕೆ ಆರು ಆಕರ ತೋರಿಸಬೇಕಾದ ವೈದ್ಯರಿಗೆ ಅಂಕಿಯೇ ವಾಸಿ, ಓದು ತಡವರಿಸುವುದಿಲ್ಲ. ಯಾರು ಯಾವಾಗ ಹೇಳಿದರು ಎಂಬುದೇ ವಾದದ ಭಾಗವಾಗಿರುವ ಶಾಸ್ತ್ರಗಳಲ್ಲಿ ಹೆಸರು ಮತ್ತು ವರ್ಷ ಕಣ್ಣೆದುರು ಇರುವುದು ಮೇಲು. ಶಾಸನ ಓದುವವರಿಗೆ ಎರಡೂ ಸಾಲದು; ಒಂದು ಅಕ್ಷರ ಹೀಗೂ ಇರಬಹುದು, ಹಾಗೂ ಇರಬಹುದು ಎಂದು ಚರ್ಚಿಸಲು ಅಡಿಟಿಪ್ಪಣಿಯೇ ಬೇಕು. ಆದ್ದರಿಂದ ಯಾವ ಶೈಲಿ ಶ್ರೇಷ್ಠ ಎಂಬ ಜಗಳಕ್ಕೆ ಅರ್ಥವಿಲ್ಲ. ಕಳಿಸುವ ಪತ್ರಿಕೆ ಯಾವುದನ್ನು ಕೇಳುತ್ತದೋ ಅದು, ಮೊದಲಿಂದ ಕೊನೆವರೆಗೆ ಒಂದೇ ರೀತಿ.

ಈಗ ಆಕ್ಷೇಪಗಳು. ಮೊದಲನೆಯದು ಗಟ್ಟಿಯಾದದ್ದು: ಉಲ್ಲೇಖ ಸರಿಯಾಗಿದ್ದೂ ವಿಜ್ಞಾನ ದಾರಿ ತಪ್ಪಿಲ್ಲವೇ? ತಪ್ಪಿದೆ. 1980ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಐದೇ ವಾಕ್ಯಗಳ ಪತ್ರವೊಂದನ್ನು ಅಚ್ಚು ಹಾಕಿತು. ಪೋರ್ಟರ್ ಮತ್ತು ಜಿಕ್ ಎಂಬಿಬ್ಬರು ಬರೆದದ್ದು. ಆಸ್ಪತ್ರೆಯಲ್ಲಿದ್ದು ಒಮ್ಮೆಯಾದರೂ ಅಫೀಮು ವರ್ಗದ ನೋವುನಿವಾರಕ ಪಡೆದ 11,882 ರೋಗಿಗಳಲ್ಲಿ ಚಟಕ್ಕೆ ಬಿದ್ದ ಸ್ಪಷ್ಟ ಉದಾಹರಣೆ ನಾಲ್ಕೇ ಎಂಬುದು ಅದರ ಸಾರ. ಆಮೇಲಿನ ದಶಕಗಳಲ್ಲಿ ಇದನ್ನೇ ತೋರಿಸಿ, ಈ ಮಾತ್ರೆಗಳಿಂದ ಚಟ ಹತ್ತುವುದು ಅಪರೂಪ ಎಂದು ಬರೆದವರು ಬಹಳ. ಮನೆಗೆ ಒಯ್ದು ತಿಂಗಳುಗಟ್ಟಲೆ ನುಂಗುವವರ ಬಗ್ಗೆ ಆ ಪತ್ರ ಒಂದಕ್ಷರವನ್ನೂ ಹೇಳಿರಲಿಲ್ಲ. ಅಮೆರಿಕ ಮತ್ತು ಕೆನಡಾದಲ್ಲಿ ಮುಂದೆ ಈ ಮಾತ್ರೆಗಳ ಚಟ ಹಬ್ಬಿ ದೊಡ್ಡ ಅನಾಹುತವೇ ಆಯಿತು. 2017ರಲ್ಲಿ ಅದೇ ಪತ್ರಿಕೆಯಲ್ಲಿ ಕೆನಡಾದ ಸಂಶೋಧಕರು ಲೆಕ್ಕ ಕೊಟ್ಟರು: ಆ ಐದು ವಾಕ್ಯಗಳನ್ನು 608 ಬರಹಗಳು ಉಲ್ಲೇಖಿಸಿದ್ದವು, ಅವುಗಳಲ್ಲಿ 439 ಅದನ್ನು ಚಟ ಅಪರೂಪ ಎಂಬುದಕ್ಕೆ ಸಾಕ್ಷಿಯಾಗಿ ಬಳಸಿದ್ದವು, 491 ಬರಹಗಳು ಆ ರೋಗಿಗಳು ಆಸ್ಪತ್ರೆಯಲ್ಲಿದ್ದವರು ಎಂಬ ಸಂಗತಿಯನ್ನೇ ಬಿಟ್ಟಿದ್ದವು. ಸಂಪುಟ, ಪುಟ ಎಲ್ಲ ಸರಿಯಾಗಿ ಬರೆದವರೂ ಮೂಲ ಪುಟ ತೆರೆದು ನೋಡಿರಲಿಲ್ಲ ಅಥವಾ ನೋಡಿದ್ದನ್ನು ಹೇಳಲಿಲ್ಲ.

ಇದು ಉಲ್ಲೇಖದ ಸೋಲಲ್ಲವೇ ಎಂದು ಕೇಳಬಹುದು. ಅರ್ಧ ಹೌದು. ಉಳಿದರ್ಧವನ್ನು ಗೋಳಗುಮ್ಮಟದ ಪಕ್ಕದಲ್ಲಿಟ್ಟು ನೋಡಬೇಕು. ‘ಎರಡನೆಯ ದೊಡ್ಡ’ ಎಂಬುದರ ಜಾಡು ಹಿಡಿಯಲು ಇಂದು ಯಾರಿಂದಲೂ ಆಗದು. ಆ ಪತ್ರದ ಜಾಡನ್ನು ಮೂವತ್ತೇಳು ವರ್ಷಗಳ ಮೇಲೂ ಒಂದೊಂದಾಗಿ ಎಣಿಸಿ ತೋರಿಸಲಾಯಿತು. ಯಾರು ಯಾವ ವರ್ಷ ಏನು ತಿರುಚಿದರು ಎಂಬುದು ಈಗ ದಾಖಲೆ. ತಡವಾಯಿತು ನಿಜ, ಭಯಂಕರವಾಗಿ ತಡವಾಯಿತು. ಆದರೆ ಆ 608 ಬರಹಗಳು ‘ಅಧ್ಯಯನಗಳ ಪ್ರಕಾರ’ ಎಂದಷ್ಟೇ ಬರೆದು ಕೈತೊಳೆದುಕೊಂಡಿದ್ದರೆ ತಪ್ಪು ತಡವಾಗಿಯೂ ಬಯಲಾಗುತ್ತಿರಲಿಲ್ಲ. ನಮ್ಮ ಪತ್ರಿಕೆಗಳ ಆರೋಗ್ಯ ಪುಟಗಳಲ್ಲಿ ‘ಸಂಶೋಧಕರು ಹೇಳುತ್ತಾರೆ’ ಎಂಬ ಮಾತು ಎಷ್ಟು ಸಲೀಸಾಗಿ ಬರುತ್ತದೆ ಎಂಬುದನ್ನು ಓದುಗರೇ ಬಲ್ಲರು.

ಪುಟಸಂಖ್ಯೆಯಂಥ ಸಣ್ಣ ವಿವರಕ್ಕೂ ಸಾಕ್ಷಿ ಹೇಳುವ ಶಕ್ತಿಯಿದೆ. ಮಿಖಾಯಿಲ್ ಸಿಮ್ಕಿನ್ ಮತ್ತು ವ್ವಾನಿ ರಾಯ್‌ಚೌಧುರಿ 2003ರಲ್ಲಿ ಒಂದು ಪ್ರಸಿದ್ಧ ಪ್ರಬಂಧಕ್ಕೆ ಬಂದ ಸುಮಾರು 4,300 ಉಲ್ಲೇಖಗಳನ್ನು ಪರಿಶೀಲಿಸಿದರು. ಅವುಗಳಲ್ಲಿ 196ರಲ್ಲಿ ಅಚ್ಚಿನ ತಪ್ಪುಗಳಿದ್ದವು. ಬೇರೆಬೇರೆ ತಪ್ಪುಗಳು 45 ಮಾತ್ರ. ಒಂದು ತಪ್ಪಂತೂ 78 ಸಲ ಹಾಗೆಹಾಗೇ ಮರುಕಳಿಸಿತ್ತು. ಎಪ್ಪತ್ತೆಂಟು ಜನ ಸ್ವತಂತ್ರವಾಗಿ ಒಂದೇ ತಪ್ಪು ಮಾಡಲಾರರು. ಒಬ್ಬರ ಪಟ್ಟಿಯಿಂದ ಇನ್ನೊಬ್ಬರು ಎತ್ತಿಕೊಂಡಿದ್ದಾರೆ. ಉಲ್ಲೇಖಿಸುವವರಲ್ಲಿ ಮೂಲವನ್ನು ಓದಿದವರು ಐದರಲ್ಲಿ ಒಬ್ಬರಷ್ಟೇ ಇರಬಹುದು ಎಂದು ಅವರು ಅಂದಾಜಿಸಿದರು. ಆ ಪ್ರಮಾಣದ ಬಗ್ಗೆ ತಕರಾರು ತೆಗೆಯಬಹುದು: ಬೇರೆಯವರ ಪಟ್ಟಿಯಿಂದ ಉಲ್ಲೇಖ ನಕಲು ಮಾಡಿದವರೂ ಪ್ರಬಂಧವನ್ನು ಓದಿರಬಹುದಲ್ಲ. ಆದರೆ ತರ್ಕದ ತಿರುಳು ಕನ್ನಡದ ಗ್ರಂಥಸಂಪಾದಕರಿಗೆ ಹೊಸದಲ್ಲ. ಎರಡು ತಾಳೆಗರಿ ಪ್ರತಿಗಳಲ್ಲಿ ಒಂದೇ ಜಾಗದಲ್ಲಿ ಒಂದೇ ಸ್ಖಾಲಿತ್ಯ ಕಂಡರೆ ಒಂದು ಇನ್ನೊಂದರ ನಕಲು, ಇಲ್ಲವೇ ಎರಡಕ್ಕೂ ಒಂದೇ ಮಾತೃಕೆ ಎಂದು ಅವರು ಹಿಂದಿನಿಂದಲೂ ತೀರ್ಮಾನಿಸುತ್ತ ಬಂದಿದ್ದಾರೆ.

ಎರಡನೆಯ ಆಕ್ಷೇಪ: ಇದನ್ನೆಲ್ಲ ಈಗ ಯಂತ್ರ ಮಾಡುತ್ತದೆ, ಮನುಷ್ಯರು ತಲೆ ಕೆಡಿಸಿಕೊಳ್ಳುವುದೇಕೆ? ಅಲ್ಪವಿರಾಮದ ಮಟ್ಟಿಗೆ ಈ ಮಾತು ಪೂರ್ತಿ ಒಪ್ಪತಕ್ಕದ್ದು. 2006ರಿಂದ ಬಿಟ್ಟಿಯಾಗಿ ಸಿಗುತ್ತಿರುವ ಝೊಟೆರೊದಂಥ ತಂತ್ರಾಂಶಕ್ಕೆ ಆಕರದ ವಿವರ ಒಮ್ಮೆ ಸೇರಿಸಿದರೆ ಸಾಕು, ವ್ಯಾಂಕೂವರ್ ಶೈಲಿ ಎಂದರೆ ವ್ಯಾಂಕೂವರ್, ಹೆಸರು-ವರ್ಷದ ಎಪಿಎ ಶೈಲಿ ಎಂದರೆ ಎಪಿಎ, ಕ್ಷಣದಲ್ಲಿ ಬದಲಿಸಿ ಕೊಡುತ್ತದೆ. ಒಂದು ಪತ್ರಿಕೆ ತಿರಸ್ಕರಿಸಿದ ಪ್ರಬಂಧವನ್ನು ಇನ್ನೊಂದಕ್ಕೆ ಕಳಿಸಲು ಎಂಬತ್ತು ಆಕರಗಳ ಪಟ್ಟಿಯನ್ನು ಕೈಯಾರೆ ಮರಳಿ ಬರೆಯುವುದು ವಿಜ್ಞಾನದ ಸೇವೆಯಲ್ಲ, ಬರೀ ದಂಡ. ಎಲ್ಸೆವಿಯರ್ ಪ್ರಕಾಶನದ ಅನೇಕ ಪತ್ರಿಕೆಗಳು ಮೊದಲ ಸಲ ಕಳಿಸುವಾಗ ಯಾವ ಶೈಲಿಯಾದರೂ ಸರಿ, ಒಂದೇ ಸಮನಾಗಿರಲಿ ಎನ್ನುತ್ತಿವೆ. ಉಳಿದವರೂ ಹಾಗೆ ಮಾಡಬೇಕು. ಆದರೆ ಯಂತ್ರಕ್ಕೆ ತುಂಬಿದ ವಿವರವೇ ತಪ್ಪಿದ್ದರೆ ಅದು ಆ ತಪ್ಪನ್ನು ಅಚ್ಚುಕಟ್ಟಾಗಿ ಜೋಡಿಸಿ ಕೊಡುತ್ತದೆ. ಎಲ್ಸೆವಿಯರ್ ತನ್ನ ಲೇಖಕರ ಮಾರ್ಗಸೂಚಿಯಲ್ಲಿ ಮಾದರಿಗೆಂದು ಕೊಟ್ಟಿದ್ದ ಒಂದು ಕಲ್ಪಿತ ಉಲ್ಲೇಖವಿತ್ತು. ವೈಜ್ಞಾನಿಕ ಲೇಖನ ಬರೆಯುವ ಕಲೆ ಎಂಬ ಶೀರ್ಷಿಕೆ, 2000ನೇ ಇಸವಿ, ಇಲ್ಲದ ಪತ್ರಿಕೆಯ ಹೆಸರು. ಅಂಥ ಪ್ರಬಂಧವೇ ಇಲ್ಲ. ಆದರೂ ಅದನ್ನು ಸುಮಾರು 400 ಪ್ರಬಂಧಗಳು ಉಲ್ಲೇಖಿಸಿವೆ ಎಂದು ಆ್ಯನ್-ವಿಲ್ ಹಾರ್ಜಿಂಗ್ 2017ರಲ್ಲಿ ತೋರಿಸಿದರು. ಮಾದರಿಯನ್ನು ಅಳಿಸಲು ಮರೆತವರೇ ಹೆಚ್ಚಿರಬೇಕು. ಆ ಸಾಲಿನ ಆಕಾರದಲ್ಲಿ ಎಳ್ಳಷ್ಟೂ ದೋಷವಿರಲಿಲ್ಲ.

ಎಐ ಬಂದ ಮೇಲೆ ಇದು ವಿನೋದದ ಸಂಗತಿಯಾಗಿ ಉಳಿದಿಲ್ಲ. 2023ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯವೊಂದರಲ್ಲಿ ವಕೀಲರು ಚಾಟ್‌ಜಿಪಿಟಿ ಕೊಟ್ಟ ಪೂರ್ವನಿದರ್ಶನಗಳನ್ನು ತಮ್ಮ ವಾದದಲ್ಲಿ ಸೇರಿಸಿದರು. ಮೊಕದ್ದಮೆಗಳ ಹೆಸರು, ಸಂಖ್ಯೆ ಎಲ್ಲ ಕ್ರಮಬದ್ಧವಾಗಿದ್ದವು. ಆದರೆ ಅಂಥ ಮೊಕದ್ದಮೆಗಳೇ ನಡೆದಿರಲಿಲ್ಲ. ನ್ಯಾಯಾಧೀಶರು 5,000 ಡಾಲರ್ ದಂಡ ಹಾಕಿದರು. ಮೊದಲು ಅಂದವಾದ ಆಕರಪಟ್ಟಿ ಎಂದರೆ ಬರೆದವರು ಶ್ರಮಪಟ್ಟಿದ್ದಾರೆ ಎಂಬುದಕ್ಕೆ ಒಂದಿಷ್ಟು ಸೂಚನೆಯಾಗಿತ್ತು. ಈಗ ಅಂದಕ್ಕೆ ಆ ಬೆಲೆಯಿಲ್ಲ. ಪ್ರತಿ ಸಾಲಿನ ಡಿಒಐ ಒತ್ತಿ, ಪುಟ ತೆರೆದು, ನಾವು ಹೇಳಿದ ಮಾತು ಅಲ್ಲಿ ಇದೆಯೇ ಎಂದು ನೋಡುವ ಕೆಲಸ ಮಾತ್ರ ಮನುಷ್ಯರ ಪಾಲಿಗೆ ಉಳಿದಿದೆ. ಅದನ್ನು ಡಿಟಿಪಿ ಅಂಗಡಿಗೂ ವಹಿಸಲಾಗದು, ಯಂತ್ರಕ್ಕೂ ವಹಿಸಲಾಗದು. ಯುಜಿಸಿಯ 2018ರ ಕೃತಿಚೌರ್ಯ ನಿಯಮಗಳು ಸಾಮ್ಯ ಶೇ 10ರೊಳಗಿದ್ದರೆ ದಂಡವಿಲ್ಲವೆಂದೂ, ಶೇ 60 ಮೀರಿದರೆ ವಿದ್ಯಾರ್ಥಿಯ ನೋಂದಣಿಯೇ ರದ್ದೆಂದೂ ಹೇಳುತ್ತವೆ. ಆ ಲೆಕ್ಕ ಹಾಕುವಾಗ ಆಕರಪಟ್ಟಿಯನ್ನು ಹೊರಗಿಡುತ್ತಾರೆ. ಅಂದರೆ ಪಟ್ಟಿ ಪೂರ್ತಿ ಸುಳ್ಳಾಗಿದ್ದರೂ ಸಾಮ್ಯ ಹುಡುಕುವ ತಂತ್ರಾಂಶಕ್ಕೆ ಅದು ಕಾಣದು. ನಮ್ಮ ಸಂಶೋಧನ ಮಾರ್ಗದರ್ಶಕರು ಶೇಕಡಾವಾರು ಸಂಖ್ಯೆ ನೋಡಿ ನಿಟ್ಟುಸಿರು ಬಿಡುವ ಬದಲು ಪಟ್ಟಿಯ ಹತ್ತು ಸಾಲುಗಳನ್ನು ತಾವೇ ತೆರೆದು ನೋಡುವುದು ಹೆಚ್ಚು ಉಪಯುಕ್ತ.

ಮೂರನೆಯ ಆಕ್ಷೇಪ ನಮ್ಮದೇ ನೆಲದ್ದು: ಈ ನಿಯಮಗಳೆಲ್ಲ ಪಾಶ್ಚಾತ್ಯರ ಹೆಸರಿಗೆ, ಪಾಶ್ಚಾತ್ಯರ ಪುಸ್ತಕಕ್ಕೆ ಹೊಲಿದವು, ಕನ್ನಡಕ್ಕೆ ಹೊಂದುವುದಿಲ್ಲ. ಇದರಲ್ಲಿ ಹುರುಳಿದೆ. ಮನೆತನದ ಹೆಸರನ್ನು ಮುಂದೆ ತಂದು ಬರೆ ಎನ್ನುತ್ತವೆ ಹೆಚ್ಚಿನ ಶೈಲಿಗಳು. ಉತ್ತರ ಕರ್ನಾಟಕದಲ್ಲಿ ಅಡ್ಡಹೆಸರು ಕೊನೆಗೆ ಬರುವುದರಿಂದ ‘ಹಳಕಟ್ಟಿ, ಫ.ಗು.’ ಎಂದು ತಿರುಗಿಸಿದರೆ ತೊಂದರೆಯಿಲ್ಲ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬಲ್ಲಿ ಊರು, ತಂದೆ, ಕೊನೆಗೆ ಸ್ವಂತ ಹೆಸರು. ಪುಟ್ಟಪ್ಪ ಎಂಬುದು ಮನೆತನದ ಹೆಸರಲ್ಲ. ಇನ್ನು ಕುವೆಂಪು ಎಂಬ ಹೆಸರಲ್ಲಿ ಪ್ರಕಟವಾದದ್ದನ್ನು ಎಲ್ಲಿ ಹುಡುಕಬೇಕು? ವಚನಪಿತಾಮಹ ಹಳಕಟ್ಟಿಯವರ ಹೆಸರಿಗೂ ಇಂಗ್ಲಿಷ್ ಲಿಪಿಗೆ ಹೋದಾಗ ಕಷ್ಟ ತಪ್ಪಿಲ್ಲ. ಫಕೀರಪ್ಪ ಗುರುಬಸಪ್ಪ ಎಂಬುದರ ಮೊದಲಕ್ಷರ ಒಂದೆಡೆ ಪಿ.ಜಿ., ಇನ್ನೊಂದೆಡೆ ಎಫ್.ಜಿ.; ವಿಜಯಪುರದಲ್ಲಿ ಅವರ ಹೆಸರಿನ ಎಂಜಿನಿಯರಿಂಗ್ ಕಾಲೇಜು ಪಿ.ಜಿ. ಎಂದೇ ಬರೆದುಕೊಳ್ಳುತ್ತದೆ. ಉಲ್ಲೇಖ ಎಣಿಸುವ ಯಂತ್ರದ ಪಾಲಿಗೆ ಇವರು ಇಬ್ಬರು ವ್ಯಕ್ತಿಗಳು. ಈಗಿನ ಸಂಶೋಧಕರಿಗೆ 2012ರಲ್ಲಿ ಶುರುವಾದ ಆರ್ಕಿಡ್ ಎಂಬ ಹದಿನಾರು ಅಂಕಿಯ ಗುರುತು ಸಂಖ್ಯೆ ಈ ತೊಡಕನ್ನು ಬಿಡಿಸುತ್ತದೆ, ಹಿಂದಿನವರಿಗೆ ಅದಿಲ್ಲ. ಊರಿನ ಹೆಸರೂ ಹಾಗೆಯೇ. 2014ರ ನವೆಂಬರ್ 1ರಂದು ಬಿಜಾಪುರ ವಿಜಯಪುರವಾಯಿತು. ಅದಕ್ಕೂ ಮುಂಚೆ ಪ್ರಕಟವಾದ ಪುಸ್ತಕದ ಮುಖಪುಟದಲ್ಲಿ ಬಿಜಾಪುರ ಎಂದಿದ್ದರೆ ಉಲ್ಲೇಖದಲ್ಲಿಯೂ ಬಿಜಾಪುರವೇ ಇರಬೇಕು. ಅಭಿಮಾನದಿಂದ ತಿದ್ದಿದರೆ ಹುಡುಕುವವರು ಇಲ್ಲದ ಪುಸ್ತಕಕ್ಕಾಗಿ ಅಲೆಯಬೇಕಾಗುತ್ತದೆ.

ಆದರೆ ನಿಯಮ ಹೊಂದದಿದ್ದರೆ ಹೊಂದುವ ನಿಯಮ ಮಾಡಿಕೊಳ್ಳಬೇಕು, ಉಲ್ಲೇಖವನ್ನೇ ಕೈಬಿಡುವುದು ಉತ್ತರವಲ್ಲ. ಕನ್ನಡ ವಿದ್ವತ್ತು ಹಾಗೆ ಮಾಡಿಕೊಂಡೂ ಇದೆ. ಎಪಿಗ್ರಾಫಿಯಾ ಕರ್ನಾಟಿಕಾದ ಶಾಸನವನ್ನು ಸಂಪುಟ, ತಾಲ್ಲೂಕು, ಶಾಸನಸಂಖ್ಯೆ ಎಂದು ಸೂಚಿಸುವುದು ಬಿ.ಎಲ್. ರೈಸ್ ಕಾಲದಿಂದ ನಡೆದುಬಂದ ರೂಢಿ. ವಚನಗಳಿಗೆ ಅಂಕಿತವೇ ಕರ್ತೃವಿನ ಗುರುತಾಗಿತ್ತು. ಹಳಕಟ್ಟಿಯವರು ತಾಳೆಗರಿಗಳಿಂದ ಎತ್ತಿ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಅಚ್ಚಿಗೆ ತಂದರು. 1993ರಲ್ಲಿ ಸರ್ಕಾರ ಹದಿನೈದು ಸಂಪುಟಗಳಲ್ಲಿ ಸಮಗ್ರ ವಚನ ಸಂಪುಟ ತಂದ ಮೇಲೆ ಸಂಪುಟಸಂಖ್ಯೆ ಮತ್ತು ವಚನಸಂಖ್ಯೆ ಕೊಟ್ಟರೆ ಯಾವ ವಚನವಾದರೂ ಸಿಗುತ್ತದೆ. ಹೀಗಿದ್ದೂ ಭಾಷಣಗಳಲ್ಲಿ, ಮದುವೆ ಕರೆಯೋಲೆಗಳಲ್ಲಿ, ಮೊಬೈಲ್ ಸಂದೇಶಗಳಲ್ಲಿ ಯಾರೋ ಬರೆದ ಸಾಲುಗಳು ಬಸವಣ್ಣನವರ ಹೆಸರಲ್ಲಿ ಓಡಾಡುತ್ತವೆ. ಕನ್ನಡ ಪುಸ್ತಕಗಳಲ್ಲಿ ಇನ್ನೊಂದು ದುರಭ್ಯಾಸವಿದೆ. ಕೊನೆಯಲ್ಲಿ ‘ಗ್ರಂಥಋಣ’ ಎಂದು ನಲವತ್ತು ಪುಸ್ತಕಗಳ ಹೆಸರು ಹಾಕಿ, ಒಳಗಿನ ಯಾವ ವಾಕ್ಯ ಯಾವುದರಿಂದ ಬಂತು ಎಂದು ಹೇಳದೆ ಬಿಡುವುದು. ಸಾಲ ಒಪ್ಪಿಕೊಂಡಂತೆ ಕಾಣುತ್ತದೆ, ಯಾರಿಗೆ ಎಷ್ಟು ಎಂಬ ಲೆಕ್ಕ ಮಾತ್ರ ಇಲ್ಲ.

ಅಚ್ಚಾಗದ ತಿಳಿವಳಿಕೆಯ ಗತಿಯೇನು ಎಂಬುದು ಇದಕ್ಕೆ ಹತ್ತಿದ ಪ್ರಶ್ನೆ. ತಿಕೋಟಾ, ಬಬಲೇಶ್ವರ ಕಡೆಯ ದ್ರಾಕ್ಷಿ ಬೆಳೆಗಾರರಿಗೆ ಚಾಟನಿ, ಬೂದಿರೋಗ, ಮಣ್ಣಿನ ಉಪ್ಪಿನ ಬಗ್ಗೆ ಗೊತ್ತಿರುವುದೆಲ್ಲ ಯಾವ ಜರ್ನಲ್ಲಿನಲ್ಲಿಯೂ ಇರಲಾರದು. ಸಂಶೋಧಕರು ಅದನ್ನು ಕೇಳಿ ತಿಳಿದು, ಪ್ರಬಂಧದಲ್ಲಿ ‘ಸ್ಥಳೀಯ ರೈತರ ಅಭಿಪ್ರಾಯ’ ಎಂದು ಬರೆಯುತ್ತಾರೆ. ಎಪಿಎ ಮತ್ತು ವ್ಯಾಂಕೂವರ್ ಎರಡೂ ಖಾಸಗಿ ಮಾತುಕತೆಯನ್ನು ಪಟ್ಟಿಗೆ ಸೇರಿಸದೆ, ಹೆಸರು ಮತ್ತು ದಿನಾಂಕದೊಡನೆ ಪಠ್ಯದಲ್ಲೇ ಹೇಳಿ ಎನ್ನುತ್ತವೆ. ಓದುಗರು ಹೋಗಿ ಪರೀಕ್ಷಿಸುವ ಆಕರ ಅದಲ್ಲ ಎಂಬುದು ಕಾರಣ. ಕಾರಣ ಸರಿ. ಆದರೆ ಪುಸ್ತಕ ಬರೆದವರ ಹೆಸರು ಪಟ್ಟಿಯಲ್ಲಿ, ಹೊಲದಲ್ಲಿ ಕಂಡುಕೊಂಡವರ ಹೆಸರು ಎಲ್ಲೂ ಇಲ್ಲ ಎಂಬುದು ನ್ಯಾಯವಲ್ಲ. ಕೆನಡಾದ ಕೆಲವು ಕಾಲೇಜು ಗ್ರಂಥಾಲಯಗಳು ಮೂಲನಿವಾಸಿ ಹಿರಿಯರ ಮಾತಿಗೆಂದೇ ಪ್ರತ್ಯೇಕ ಉಲ್ಲೇಖ ಮಾದರಿ ರೂಪಿಸಿ, ಅವರನ್ನು ಪಟ್ಟಿಯೊಳಗೆ ತಂದಿವೆ. ಒಪ್ಪಿಗೆ ಪಡೆದು, ರೈತರ ಹೆಸರು, ಊರು, ಮಾತಾಡಿದ ದಿನ ಬರೆದು, ಧ್ವನಿಮುದ್ರಿಕೆಯನ್ನು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಇಟ್ಟರೆ ಅದೂ ಪರೀಕ್ಷಿಸಬಹುದಾದ ಆಕರವೇ ಆಗುತ್ತದೆ. ಇದಕ್ಕೆ ಬೇಕಾದದ್ದು ಒಂದು ಮೊಬೈಲು ಮತ್ತು ಒಂದಿಷ್ಟು ಮನಸ್ಸು.

ಕನ್ನಡದ ಸಂಶೋಧನ ಪತ್ರಿಕೆಗಳೂ ವಿಶ್ವವಿದ್ಯಾಲಯಗಳ ಪ್ರಸಾರಾಂಗಗಳೂ ವ್ಯಾಂಕೂವರಿನ ಸಂಪಾದಕರಂತೆ ಒಮ್ಮೆ ಒಂದೆಡೆ ಕೂತು ಎರಡು ಪುಟದ ನಿಯಮಾವಳಿಗೆ ಒಪ್ಪಿಕೊಳ್ಳಬೇಕು. ಕನ್ನಡ ಹೆಸರನ್ನು ಹಿಂದುಮುಂದು ಮಾಡದೆ ಮುಖಪುಟದಲ್ಲಿದ್ದಂತೆ ಬರೆಯುವುದು, ಕಾವ್ಯನಾಮದ ಜೊತೆ ನಿಜನಾಮ ಕೊಡುವುದು, ವಚನಕ್ಕೆ ಪುಟದ ಬದಲು ಸಂಖ್ಯೆ ಕೊಡುವುದು, ಮರುಮುದ್ರಣ ಓದಿದ್ದರೆ ಮೊದಲ ಮುದ್ರಣದ ವರ್ಷವನ್ನೂ ಹೇಳುವುದು, ಇಷ್ಟರಿಂದ ಶುರುಮಾಡಬಹುದು. ಪ್ರಬಂಧ ಬರೆಯುತ್ತಿರುವವರು ಅಲ್ಲಿಯವರೆಗೆ ಕಾಯಬೇಕಿಲ್ಲ. ಪುಸ್ತಕ ಕೈಯಲ್ಲಿರುವಾಗಲೇ ಹೆಸರು, ವರ್ಷ, ಮುದ್ರಣ, ಪುಟ ಬರೆದುಕೊಳ್ಳಿ. ಕಣ್ಣಾರೆ ನೋಡದ ಆಕರವನ್ನು ನೋಡಿದಂತೆ ಬರೆಯಬೇಡಿ, ಬೇರೊಬ್ಬರ ಮೂಲಕ ತಿಳಿದಿದ್ದರೆ ಆ ಬೇರೊಬ್ಬರ ಹೆಸರನ್ನೇ ಹಾಕಿ.